ತೆರಿಗೆದಾರರ ಪರ ನಿಲ್ಲುವವರು ಕೇಳಬೇಕಾದದ್ದು ದರ ಇಳಿಕೆಯನ್ನೋ, ಖರ್ಚಿನ ಲೆಕ್ಕವನ್ನೋ?

ಪಾವತಿದಾರ (ಚರ್ಚೆ ಆರಂಭಿಸಿದವರು)

ತೆರಿಗೆದಾರರ ಪರವಾಗಿ ಮಾತನಾಡುವವರೆಂದರೆ ದರ ಇಳಿಸಿ ಎಂದು ಒತ್ತಾಯಿಸುವವರು ಎಂಬ ಭಾವನೆ ಸಾಮಾನ್ಯವಾಗಿದೆ. ತೆರಿಗೆದಾರರ ಹಕ್ಕುಗಳಿಗಾಗಿಯೇ ಕೆಲಸ ಮಾಡುವ ನನ್ನ ನಿಲುವು ಅದಲ್ಲ. ದರ ಎಷ್ಟಿರಬೇಕು ಎಂಬುದು ಆಯಾ ಸಮಾಜ ತನ್ನ ಸರ್ಕಾರದಿಂದ ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಅವಲಂಬಿಸಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡಾ 40ಕ್ಕೂ ಹೆಚ್ಚು ಪಾಲು ತೆರಿಗೆಯಾಗಿ ಹೋಗುವುದನ್ನು ಡೆನ್ಮಾರ್ಕಿನ ಜನ ಬಹುಮಟ್ಟಿಗೆ ಒಪ್ಪಿಕೊಂಡಿದ್ದಾರೆ. ಅದರ ಅರ್ಧದಷ್ಟನ್ನೂ ಕೊಡದ ದೇಶಗಳಲ್ಲಿ ಗೊಣಗಾಟ ನಿಂತಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಈ ಹಣವನ್ನು ಯಾವ ಉದ್ದೇಶ ಹೇಳಿ ಪಡೆಯಲಾಯಿತು, ಎಷ್ಟು ಕಾಲಕ್ಕೆಂದು ಪಡೆಯಲಾಯಿತು, ಆ ಉದ್ದೇಶ ಈಡೇರಿತೇ?

ಶಾಸನಸಭೆಯ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಬಾರದೆಂಬ ತತ್ತ್ವ ಇಂಗ್ಲೆಂಡಿನ 1689ರ ಹಕ್ಕುಗಳ ಶಾಸನದಲ್ಲಿ ನೆಲೆಗೊಂಡಿತು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಭಾರತದ ಸಂವಿಧಾನದ 265ನೇ ವಿಧಿಯೂ ಹೇಳುತ್ತದೆ. ತೆರಿಗೆ ಹಾಕುವ ದಿನ ಒಪ್ಪಿಗೆ ಬೇಕು ಎಂಬುದು ಹೀಗೆ ಎಲ್ಲೆಡೆ ಸ್ಥಾಪಿತವಾಗಿದೆ. ಆ ಒಪ್ಪಿಗೆಯ ಕಾರಣ ಮುಗಿದ ಮೇಲೆ ಏನಾಗಬೇಕು ಎಂಬ ಬಗ್ಗೆ ಮಾತ್ರ ಕಾನೂನುಗಳು ಬಹುತೇಕ ಮೌನವಾಗಿವೆ.

ಆ ಮೌನದ ಲಾಭ ಯಾರಿಗೆ ಆಗಿದೆ ಎಂಬುದನ್ನು ಚರಿತ್ರೆ ತೋರಿಸುತ್ತದೆ. ನೆಪೋಲಿಯನ್ ಕಾಲದ ಫ್ರಾನ್ಸಿನೊಡನೆ ನಡೆದ ಯುದ್ಧಗಳಿಗಾಗಿ ಬ್ರಿಟನ್ 1799ರಲ್ಲಿ ಆದಾಯ ತೆರಿಗೆಯನ್ನು ತಂದಿತು. ನಡುವೆ ಒಮ್ಮೆ ಕೈಬಿಟ್ಟು ಮತ್ತೆ ಹಾಕಿ, 1816ರಲ್ಲಿ ರದ್ದುಪಡಿಸಿತು. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಅದನ್ನು ಮೂರು ವರ್ಷಗಳ ಮಟ್ಟಿಗೆ ಎಂದು ಮರಳಿ ತಂದರು. ಆ ಮೂರು ವರ್ಷಗಳು ಇನ್ನೂ ಮುಗಿದಿಲ್ಲ. ಜರ್ಮನಿಯಲ್ಲಿ 1902ರಲ್ಲಿ ಚಕ್ರವರ್ತಿಯ ನೌಕಾಪಡೆಗಾಗಿ ನೊರೆಯುಕ್ಕುವ ವೈನಿನ ಮೇಲೆ ಸುಂಕ ಹಾಕಿದರು. ಆ ನೌಕಾಪಡೆ 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬಲ್ಲಿ ತನ್ನವರ ಕೈಯಿಂದಲೇ ಮುಳುಗಿತು. ಸುಂಕ ನಡುವೆ ಕೆಲವು ವರ್ಷ ನಿಂತು, ಮತ್ತೆ ಬಂದು, ಇಂದಿಗೂ ವಸೂಲಾಗುತ್ತಿದೆ. ಭಾರತದಲ್ಲಿ ಜಿಎಸ್‌ಟಿಯಿಂದ ರಾಜ್ಯಗಳಿಗೆ ಆಗುವ ವರಮಾನದ ನಷ್ಟ ತುಂಬಲೆಂದು ಹಾಕಿದ ಪರಿಹಾರ ಸೆಸ್ (ನಿರ್ದಿಷ್ಟ ಉದ್ದೇಶದ ಹೆಚ್ಚುವರಿ ತೆರಿಗೆ) 2017ರಿಂದ ಐದು ವರ್ಷಗಳ ಮಟ್ಟಿಗೆ ಎಂದು ಆರಂಭವಾಯಿತು. ಸಾಂಕ್ರಾಮಿಕದ ವರ್ಷಗಳಲ್ಲಿ ರಾಜ್ಯಗಳಿಗಾಗಿ ಎತ್ತಿದ ಸಾಲವನ್ನು ತೀರಿಸಲೆಂದು 2026ರ ಮಾರ್ಚ್‌ವರೆಗೆ ಅದನ್ನು ವಿಸ್ತರಿಸಲಾಯಿತು. ಈ ಕೊನೆಯ ಪ್ರಕರಣದಲ್ಲಿ ಕಾರಣವನ್ನಾದರೂ ಬಹಿರಂಗವಾಗಿ ಹೇಳಲಾಯಿತು ಎಂಬುದನ್ನು ನಾನು ಒಪ್ಪುತ್ತೇನೆ.

ಇನ್ನೊಂದು ಸಂಗತಿಯೂ ಇದೆ. ಅಮೆರಿಕ 1943ರಲ್ಲಿ, ಬ್ರಿಟನ್ 1944ರಲ್ಲಿ ಸಂಬಳದಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡುವ ವ್ಯವಸ್ಥೆಯನ್ನು ವ್ಯಾಪಕವಾಗಿ ಜಾರಿಗೆ ತಂದವು. ವಸೂಲಿ ಸುಲಭವಾಯಿತು, ಕಳ್ಳತನ ಕಡಿಮೆಯಾಯಿತು, ವರ್ಷದ ಕೊನೆಗೆ ದೊಡ್ಡ ಮೊತ್ತ ಹೊಂದಿಸುವ ಕಷ್ಟವೂ ತಪ್ಪಿತು. ಆದರೆ ಕೈಗೆ ಬಾರದ ಹಣದ ಬಗ್ಗೆ ಪ್ರಶ್ನೆ ಕೇಳುವ ಅಭ್ಯಾಸವೂ ಅದರೊಡನೆಯೇ ಕ್ಷೀಣಿಸಿತು. ವಸ್ತುವಿನ ಬೆಲೆಯೊಳಗೆ ಸೇರಿಹೋಗುವ ಪರೋಕ್ಷ ತೆರಿಗೆಯ ವಿಷಯದಲ್ಲಂತೂ ತಾನು ತೆರಿಗೆದಾರ ಎಂಬ ಅರಿವೇ ಅನೇಕರಿಗೆ ಇರುವುದಿಲ್ಲ.

ನನ್ನ ಬೇಡಿಕೆಗಳನ್ನು ಹೇಳಿ ಚರ್ಚೆಗೆ ಬಿಡುತ್ತೇನೆ. ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ಪ್ರತಿಯೊಂದು ತೆರಿಗೆಗೂ ಕಾಯ್ದೆಯಲ್ಲೇ ಮುಕ್ತಾಯದ ದಿನಾಂಕ ಇರಬೇಕು. ದೊಡ್ಡ ಯೋಜನೆಗೆ ಮಂಜೂರಾತಿ ಕೊಡುವಾಗ ಕಟ್ಟುವ ವೆಚ್ಚದ ಜೊತೆಗೆ ಅದನ್ನು ನಡೆಸುವ, ದುರಸ್ತಿ ಮಾಡುವ, ಸಾಲಕ್ಕೆ ಬಡ್ಡಿ ಕಟ್ಟುವ ವೆಚ್ಚವೂ ಸದನದ ಮುಂದೆ ಬರಬೇಕು. ತೆರಿಗೆ ವಿನಾಯಿತಿಗಳನ್ನು ಬಜೆಟ್‌ನ ಖರ್ಚಿನ ಬದಿಯಲ್ಲಿ ಬರೆಯಬೇಕು.

ಹಳೆಕಡತ

ಪಾವತಿದಾರ ಅವರೇ, ಬರಹದ ಶಿಸ್ತು ಮೆಚ್ಚುಗೆಯಾಯಿತು. ಆದರೂ ಒಂದು ಸಂಶಯ. ತೆರಿಗೆದಾರರ ಪರ ಎಂದು ಹೇಳಿಕೊಳ್ಳುವ ಸಂಘಟನೆಗಳು ಸಾಮಾನ್ಯವಾಗಿ ಯಾವ ತೆರಿಗೆದಾರರ ದನಿಯಾಗಿರುತ್ತವೆ? ಆಸ್ತಿಯುಳ್ಳವರು ಹಾಗೂ ಆದಾಯ ತೆರಿಗೆ ಕಟ್ಟುವವರು ಸಂಘಟಿತರಾಗಬಲ್ಲರು. ದಿನಬಳಕೆಯ ವಸ್ತುವಿನ ಮೇಲೆ ಪರೋಕ್ಷ ತೆರಿಗೆ ಕಟ್ಟುವ ಕೂಲಿಕಾರ ತನ್ನ ಆದಾಯದಲ್ಲಿ ಹೆಚ್ಚಿನ ಪಾಲನ್ನು ಕಳೆದುಕೊಂಡರೂ ಅವನ ಪರವಾಗಿ ಮನವಿಪತ್ರ ಬರೆಯುವವರು ವಿರಳ. ನೀವು ಹೇಳಿದ ಅರಿವಿನ ಕೊರತೆ ಬರೀ ಅರಿವಿನ ಪ್ರಶ್ನೆಯಲ್ಲ, ಪ್ರಾತಿನಿಧ್ಯದ ಪ್ರಶ್ನೆ. ಈ ಸಂಶಯಕ್ಕೆ ಚರಿತ್ರೆಯಲ್ಲಿ ಆಧಾರವಿದೆಯೇ ಎಂಬುದನ್ನು ತಿಳಿದವರು ಹೇಳಲಿ.

ಅರ್ಥಶಾಸ್ತ್ರದ ಮೇಷ್ಟ್ರು

ಆಧಾರವಿದೆ. ತೆರಿಗೆದಾರರ ಚಳವಳಿಯ ಅತಿ ದೊಡ್ಡ ಗೆಲುವೆಂದು ಕರೆಯಲಾಗುವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 13ನೇ ಪ್ರಸ್ತಾವವನ್ನೇ, ಅಂದರೆ ಆಸ್ತಿ ತೆರಿಗೆಗೆ ಮಿತಿ ಹಾಕಲು ಜನಮತಕ್ಕೆ ಬಂದ ರಾಜ್ಯ ಸಂವಿಧಾನದ ತಿದ್ದುಪಡಿಯನ್ನೇ ನೋಡಬಹುದು. ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುವುದಕ್ಕೆ ಅನುಮತಿ ಇರಲಿ. ಏಕೆಂದರೆ ಇದನ್ನು ಹೊಗಳುವವರೂ ತೆಗಳುವವರೂ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

1970ರ ದಶಕದಲ್ಲಿ ಆ ರಾಜ್ಯದಲ್ಲಿ ಮನೆಗಳ ಬೆಲೆ ವೇಗವಾಗಿ ಏರಿತು. ಆಸ್ತಿ ತೆರಿಗೆ ಮಾರುಕಟ್ಟೆ ಮೌಲ್ಯವನ್ನು ಹಿಂಬಾಲಿಸುತ್ತಿದ್ದ ಕಾರಣ, ಮನೆಯನ್ನು ಮಾರುವ ಯಾವ ಯೋಚನೆಯೂ ಇಲ್ಲದ, ಪಿಂಚಣಿಯಲ್ಲಿ ಬದುಕುವ ವೃದ್ಧರಿಗೂ ವರ್ಷದಿಂದ ವರ್ಷಕ್ಕೆ ಹೆಚ್ಚಿನ ಬಿಲ್ಲು ಬರತೊಡಗಿತು. ಅವರ ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ಕಾಗದದ ಮೇಲೆ ಆಸ್ತಿಯ ಬೆಲೆ ಹೆಚ್ಚಿತ್ತು, ಅಷ್ಟೇ. ಅದೇ ಹೊತ್ತಿನಲ್ಲಿ ರಾಜ್ಯದ ಖಜಾನೆಯಲ್ಲಿ ದೊಡ್ಡ ಮಿಗತೆ ಇತ್ತು ಎಂಬುದು ಜನರ ಸಿಟ್ಟನ್ನು ಹೆಚ್ಚಿಸಿತು. ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುಂದಾಳತ್ವ ವಹಿಸಿದ ಪ್ರಸ್ತಾವಕ್ಕೆ 1978ರ ಜೂನ್ 6ರಂದು ಮತದಾರರಲ್ಲಿ ಮೂರರಲ್ಲಿ ಎರಡು ಪಾಲಿಗೆ ಸಮೀಪದಷ್ಟು ಜನ ಒಪ್ಪಿಗೆ ಕೊಟ್ಟರು. ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇಕಡಾ 1ಕ್ಕೆ ಮಿತಿಗೊಳಿಸಲಾಯಿತು; ಆ ಮೌಲ್ಯವನ್ನು 1975ರ ಮಟ್ಟಕ್ಕೆ ಇಳಿಸಿ, ಮಾರಾಟವಾಗುವವರೆಗೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಾಗದಂತೆ ಕಟ್ಟಿಹಾಕಲಾಯಿತು. ರಾಜ್ಯದ ತೆರಿಗೆ ಏರಿಸಲು ಶಾಸನಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂದೂ ಆಯಿತು.

ಆಸ್ತಿ ತೆರಿಗೆಯ ಆದಾಯ ಒಮ್ಮೆಲೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ನಗರಗಳಿಗೆ, ಶಾಲೆಗಳಿಗೆ ರಾಜ್ಯ ಸರ್ಕಾರ ಹಣ ಕೊಡಬೇಕಾಯಿತು. ಹಣದೊಂದಿಗೆ ನಿರ್ಧಾರದ ಅಧಿಕಾರವೂ ರಾಜಧಾನಿಗೆ ಹೋಯಿತು. ಸ್ಥಳೀಯ ಸಂಸ್ಥೆಗಳು ತೆರಿಗೆ ಎಂಬ ಹೆಸರಿಲ್ಲದ ಶುಲ್ಕಗಳನ್ನು ಹುಡುಕಿಕೊಂಡವು. ಅದನ್ನು ತಡೆಯಲು 1996ರಲ್ಲಿ ಇನ್ನೊಂದು ಪ್ರಸ್ತಾವವನ್ನೇ ತರಬೇಕಾಯಿತು. ಅಕ್ಕಪಕ್ಕದಲ್ಲಿರುವ ಒಂದೇ ಬಗೆಯ ಎರಡು ಮನೆಗಳಲ್ಲಿ, ಹಿಂದೆ ಕೊಂಡವರಿಗಿಂತ ಹೊಸದಾಗಿ ಕೊಂಡವರು ಹಲವು ಪಟ್ಟು ಹೆಚ್ಚು ತೆರಿಗೆ ಕಟ್ಟುವ ಸ್ಥಿತಿ ಬಂತು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ವ್ಯವಸ್ಥೆ ಸಂವಿಧಾನಬಾಹಿರವಲ್ಲ ಎಂದಿತು. ನ್ಯಾಯಯುತ ಎಂದು ಅದರ ಅರ್ಥವಲ್ಲ. ಮುಖ್ಯವಾದ ಮಾತೆಂದರೆ, ವೃದ್ಧರ ಸಂಕಟವನ್ನು ಮುಂದಿಟ್ಟುಕೊಂಡು ಗೆದ್ದ ಮಿತಿ ವಾಣಿಜ್ಯ ಆಸ್ತಿಗಳಿಗೂ ಅನ್ವಯವಾಯಿತು. ದೊಡ್ಡ ವಾಣಿಜ್ಯ ಆಸ್ತಿಗಳನ್ನು ಅದರಿಂದ ಹೊರಗಿಡುವ ಪ್ರಯತ್ನ 2020ರಲ್ಲಿ ಅಲ್ಪ ಅಂತರದಿಂದ ಸೋತಿತು.

ಹಳೆಕಡತ ಅವರ ಸಂಶಯಕ್ಕೆ ಇದು ನನ್ನ ಉತ್ತರ: ಸಂಕಟ ನಿಜವಾಗಿತ್ತು, ಅದರ ಪರಿಹಾರದಲ್ಲಿ ಸಿಂಹಪಾಲು ಸಂಕಟವಿಲ್ಲದವರಿಗೆ ಹೋಯಿತು.

ಪಾವತಿದಾರ

ಮೇಷ್ಟ್ರೇ, ನಿಮ್ಮ ವಿವರಣೆಯಲ್ಲಿ ನಾನು ತಿದ್ದುವಂಥದ್ದು ಏನೂ ಇಲ್ಲ. ಆದರೆ ಅದರಿಂದ ನಾನು ತೆಗೆಯುವ ತೀರ್ಮಾನ ಬೇರೆ. ಮೌಲ್ಯ ಏರಿದಾಗ ದರವನ್ನು ತಾನಾಗಿಯೇ ಇಳಿಸಿ, ಒಟ್ಟು ವಸೂಲಿಯನ್ನು ಅಗತ್ಯಕ್ಕೆ ತಕ್ಕಂತೆ ಇಟ್ಟುಕೊಳ್ಳುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳು ಮಾಡಿದ್ದರೆ ಜನ ಸಂವಿಧಾನ ತಿದ್ದುಪಡಿಯವರೆಗೆ ಹೋಗುತ್ತಿರಲಿಲ್ಲ. ಯಾರೂ ಮತ ಹಾಕದೆ, ಯಾರೂ ಕೈ ಎತ್ತದೆ ತೆರಿಗೆಯ ಹೊರೆ ಏರುವುದು ಅತ್ಯಂತ ಅಪಾಯಕಾರಿ. ಆದಾಯ ತೆರಿಗೆಯ ಹಂತಗಳನ್ನು ಹಣದುಬ್ಬರಕ್ಕೆ ಹೊಂದಿಸದೆ ಬಿಟ್ಟರೂ ಆಗುವುದು ಇದೇ: ಸಂಬಳದ ಕೊಳ್ಳುವ ಶಕ್ತಿ ಏರದಿದ್ದರೂ ನೌಕರ ಮೇಲಿನ ಹಂತಕ್ಕೆ ಜಾರುತ್ತಾನೆ, ಸರ್ಕಾರ ದರ ಏರಿಸಿಲ್ಲವೆಂದು ಪ್ರಮಾಣ ಮಾಡುತ್ತದೆ.

ಸೇತುವೆ

ನಾನು ಕಾಮಗಾರಿ ವಿಭಾಗದಲ್ಲಿ ದುಡಿದವನು. ಎರಡನೇ ಬೇಡಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಅಂದಾಜು ಪಟ್ಟಿ ತಯಾರಿಸುವವನ ಮೇಲೆ ಇರುವ ಒತ್ತಡ ಹೊರಗಿನವರಿಗೆ ತಿಳಿಯುವುದಿಲ್ಲ. ಮೊತ್ತ ಕಡಿಮೆ ಇದ್ದರೆ ಯೋಜನೆಗೆ ಮಂಜೂರಾತಿ ಸಿಗುತ್ತದೆ. ಅಡಿಪಾಯ ಬಿದ್ದ ಮೇಲೆ ಪರಿಷ್ಕೃತ ಅಂದಾಜನ್ನು ನಿರಾಕರಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಸಿಡ್ನಿಯ ಒಪೆರಾ ಹೌಸ್ ಇದಕ್ಕೆ ಜಗತ್ಪ್ರಸಿದ್ಧ ನಿದರ್ಶನ. 1957ರ ಹೊತ್ತಿಗೆ ಹಾಕಿದ ಅಂದಾಜು ಸುಮಾರು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಮುಗಿಯಬೇಕಾದದ್ದು 1963ರಲ್ಲಿ. ಉದ್ಘಾಟನೆಯಾದದ್ದು 1973ರಲ್ಲಿ, ತಗುಲಿದ್ದು 10.2 ಕೋಟಿ ಡಾಲರ್. ಛಾವಣಿಯ ಚಿಪ್ಪುಗಳನ್ನು ಹೇಗೆ ಕಟ್ಟಬೇಕೆಂಬ ಲೆಕ್ಕಾಚಾರ ಮುಗಿಯುವ ಮೊದಲೇ ರಾಜಕೀಯ ಅವಸರದಿಂದ ಕೆಲಸ ಆರಂಭಿಸಿದ್ದು ಇದಕ್ಕೆ ದೊಡ್ಡ ಕಾರಣ. ಬಾಸ್ಟನ್ ನಗರದ ಸುರಂಗ ಹೆದ್ದಾರಿಯ ಕಥೆಯೂ ಇದೇ ಬಗೆಯದು: 1980ರ ದಶಕದ ಆರಂಭದಲ್ಲಿ 3 ಬಿಲಿಯನ್ ಡಾಲರಿಗೂ ಕಡಿಮೆ ಎಂದಿದ್ದ ಯೋಜನೆ ಮುಗಿಯುವ ವೇಳೆಗೆ 14 ಬಿಲಿಯನ್ ದಾಟಿತ್ತು. ಅದರಲ್ಲಿ ಹಣದುಬ್ಬರದ ಪಾಲೂ ಇದೆ, ಆದರೆ ಅದಷ್ಟೇ ಅಲ್ಲ. ವಿನ್ಯಾಸ ಅಂತಿಮವಾಗದ ಯಾವ ಕಾಮಗಾರಿಗೂ ಪೂರ್ಣ ಮಂಜೂರಾತಿ ಕೊಡಬಾರದು. ಮೊದಲು ವಿನ್ಯಾಸಕ್ಕಷ್ಟೇ ಹಣ, ಆಮೇಲೆ ನಿರ್ಮಾಣಕ್ಕೆ ಪ್ರತ್ಯೇಕ ಮತ.

ನಾಲ್ಕನೇ ಬೆಂಚು

ಸೇತುವೆಯವರು ಹೇಳಿದ ಅಂಕಿಗಳು ಸರಿ. ಆದರೆ ಸಿಡ್ನಿಯ ಕಟ್ಟಡವನ್ನು ತೆರಿಗೆ ಹಣದ ಪೋಲಿಗೆ ಉದಾಹರಣೆಯಾಗಿ ತರುವುದು ಕಷ್ಟ. ಅದರ ವೆಚ್ಚದ ಬಹುಪಾಲು ಬಂದದ್ದು ಅದಕ್ಕೆಂದೇ ನಡೆಸಿದ ಸರ್ಕಾರಿ ಲಾಟರಿಯಿಂದ. ಟಿಕೆಟ್ ಕೊಂಡವರು ತಾವಾಗಿ ಕೊಂಡರು. ಅಲ್ಲದೆ ಇಂದು ಆ ಕಟ್ಟಡ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಂದಾಜು ಮೀರಿತು ಎಂಬುದಕ್ಕೂ ಹಣ ವ್ಯರ್ಥವಾಯಿತು ಎಂಬುದಕ್ಕೂ ವ್ಯತ್ಯಾಸವಿದೆ.

ಸೇತುವೆ

ವ್ಯತ್ಯಾಸವಿದೆ. ನಾನು ಹೇಳಿದ್ದು ಸದನದ ಮುಂದಿಟ್ಟ ಅಂಕಿಯ ಬಗ್ಗೆ, ಕಟ್ಟಡದ ಸೊಗಸಿನ ಬಗ್ಗೆ ಅಲ್ಲ. ಇನ್ನು ಸರ್ಕಾರ ತಾನೇ ಏಕಸ್ವಾಮ್ಯ ಇಟ್ಟುಕೊಂಡು ನಡೆಸುವ ಲಾಟರಿಯ ಲಾಭವನ್ನು ಅರ್ಥಶಾಸ್ತ್ರದಲ್ಲಿ ತೆರಿಗೆಯ ಒಂದು ರೂಪವೆಂದೇ ಪರಿಗಣಿಸುವುದುಂಟು. ಅದೂ ಕಡಿಮೆ ಆದಾಯದವರ ಮೇಲೆ ಹೆಚ್ಚು ಭಾರವಾಗುವ ತೆರಿಗೆ. ಹಳೆಕಡತ ಅವರ ಕೂಲಿಕಾರ ಇಲ್ಲಿಯೂ ಇದ್ದಾನೆ.

ಅರ್ಥಶಾಸ್ತ್ರದ ಮೇಷ್ಟ್ರು

ಮೂರನೇ ಬೇಡಿಕೆಯನ್ನು ಯಾರೂ ಮುಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಒಂದು ಉದ್ಯಮಕ್ಕೆ ಖಜಾನೆಯಿಂದ ನೂರು ಕೋಟಿ ಸಹಾಯಧನ ಕೊಟ್ಟರೆ ಅದು ಬಜೆಟ್‌ನಲ್ಲಿ ಕಾಣುತ್ತದೆ, ಸದಸ್ಯರು ಪ್ರಶ್ನಿಸುತ್ತಾರೆ. ಅದೇ ಉದ್ಯಮಕ್ಕೆ ನೂರು ಕೋಟಿ ತೆರಿಗೆಯನ್ನು ಬಿಟ್ಟುಕೊಟ್ಟರೆ ಯಾವ ಅನುದಾನದ ಬೇಡಿಕೆಯಲ್ಲೂ ಅದು ಬರುವುದಿಲ್ಲ. ಖಜಾನೆಯ ಮಟ್ಟಿಗೆ ಎರಡೂ ಒಂದೇ. ಅಮೆರಿಕದ ಖಜಾನೆಯಲ್ಲಿ ತೆರಿಗೆ ನೀತಿಯ ಹೊಣೆ ಹೊತ್ತಿದ್ದ ಸ್ಟ್ಯಾನ್ಲಿ ಸರ್ರಿ 1967ರಲ್ಲಿ ಇಂಥ ವಿನಾಯಿತಿಗಳನ್ನು ತೆರಿಗೆಯ ಮೂಲಕ ಮಾಡುವ ವೆಚ್ಚ ಎಂದು ಕರೆದರು. 1974ರ ಬಜೆಟ್ ಕಾಯ್ದೆ ಅವುಗಳ ಪಟ್ಟಿಯನ್ನು ಕಡ್ಡಾಯಗೊಳಿಸಿತು. ಭಾರತದ ಕೇಂದ್ರ ಬಜೆಟ್ ಜೊತೆಗೂ 2006-07ರಿಂದ ಇಂಥ ವಿವರಪಟ್ಟಿ ಬರುತ್ತಿದೆ.

ಪಟ್ಟಿ ಬಂದರೆ ಸಾಲದು. ಖರ್ಚಿಗೆ ಪ್ರತಿ ವರ್ಷ ಸದನದ ಮತ ಬೇಕು. ವಿನಾಯಿತಿ ಒಮ್ಮೆ ಕಾಯ್ದೆಗೆ ಸೇರಿದರೆ ಯಾರೂ ತೆಗೆಯುವವರೆಗೆ ಇರುತ್ತದೆ. ಅದರಿಂದ ಲಾಭ ಪಡೆಯುವ ಕೆಲವರಿಗೆ ಅದನ್ನು ಉಳಿಸಿಕೊಳ್ಳುವುದು ಜೀವನ್ಮರಣದ ಪ್ರಶ್ನೆ. ನಷ್ಟ ಕೋಟ್ಯಂತರ ಜನರಲ್ಲಿ ಹಂಚಿಹೋಗುವ ಕಾರಣ ಯಾರಿಗೂ ಅದು ಹೋರಾಡುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ತೆರಿಗೆದಾರರ ಸಂಘಟನೆಗಳೇ ಪ್ರತಿ ವಿನಾಯಿತಿಯನ್ನೂ ಜನರ ಗೆಲುವೆಂದು ಸ್ವಾಗತಿಸುವುದು ನನಗೆ ಸೋಜಿಗವೆನಿಸುತ್ತದೆ. ಒಬ್ಬರಿಗೆ ಬಿಟ್ಟ ತೆರಿಗೆಯನ್ನು ಉಳಿದವರೇ ತುಂಬಿಕೊಡಬೇಕಲ್ಲವೇ?

ನಾಲ್ಕನೇ ಬೆಂಚು

ಲೆಕ್ಕ ಕೊಡಿ ಎಂದು ಕೇಳುವುದರಿಂದ ಸರ್ಕಾರಗಳು ಬದಲಾಗುತ್ತವೆಂದು ನನಗೆ ಅನ್ನಿಸುವುದಿಲ್ಲ. ಮಿತಿಯೇ ಬೇಕು. ಸ್ವಿಟ್ಜರ್ಲೆಂಡ್ ಇದನ್ನು ಮಾಡಿ ತೋರಿಸಿದೆ. ಅಲ್ಲಿನ ಸಾಲ ನಿಯಂತ್ರಣದ ನಿಯಮಕ್ಕೆ 2001ರ ಡಿಸೆಂಬರ್ ಜನಮತದಲ್ಲಿ ಸುಮಾರು ಶೇಕಡಾ 85ರಷ್ಟು ಜನ ಒಪ್ಪಿಗೆ ಕೊಟ್ಟರು. 2003ರಿಂದ ಅದು ಜಾರಿಯಲ್ಲಿದೆ. 2005ರ ಸುಮಾರಿಗೆ 130 ಬಿಲಿಯನ್ ಫ್ರಾಂಕ್ ಇದ್ದ ಒಕ್ಕೂಟ ಸರ್ಕಾರದ ಸಾಲ 2019ರ ವೇಳೆಗೆ 100 ಬಿಲಿಯನ್‌ಗಿಂತ ಕೆಳಗಿಳಿದಿತ್ತು.

ಪಾವತಿದಾರ

ಮಿತಿಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ. ಸ್ವಿಸ್ ನಿಯಮ ತೆರಿಗೆ ಎಷ್ಟಿರಬೇಕೆಂದು ಹೇಳುವುದಿಲ್ಲ. ಆರ್ಥಿಕತೆಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡು, ವರಮಾನಕ್ಕೆ ತಕ್ಕಂತೆ ಖರ್ಚಿಗೆ ಮೇಲ್ಮಿತಿ ಹಾಕುತ್ತದೆ. ಮಂದಗತಿಯ ವರ್ಷದಲ್ಲಿ ಕೊರತೆಗೆ ಅವಕಾಶವಿದೆ, ಒಳ್ಳೆಯ ವರ್ಷದಲ್ಲಿ ಮಿಗತೆ ಕಡ್ಡಾಯ. ಸಾಂಕ್ರಾಮಿಕದಂಥ ಸಂದರ್ಭಕ್ಕೆ ಸದನಗಳ ವಿಶೇಷ ಬಹುಮತದಿಂದ ಹೊರದಾರಿಯೂ ಇದೆ, ಆದರೆ ಆ ಹಣವನ್ನು ಮುಂದೆ ಸರಿದೂಗಿಸಬೇಕು. ಇದಕ್ಕೆ ಹೋಲಿಸಿದರೆ ಅಮೆರಿಕದ ಕೊಲೊರಾಡೋ ರಾಜ್ಯದ 1992ರ ತಿದ್ದುಪಡಿ ಒರಟಾದದ್ದು. ವರಮಾನದ ಬೆಳವಣಿಗೆಯನ್ನು ಜನಸಂಖ್ಯೆ ಮತ್ತು ಹಣದುಬ್ಬರದ ಬೆಳವಣಿಗೆಗೆ ಕಟ್ಟಿಹಾಕಿದರು, ಮಿಕ್ಕದ್ದನ್ನು ಜನರಿಗೆ ಮರಳಿಸಬೇಕೆಂದರು. 2000ದ ದಶಕದ ಆರಂಭದ ಹಿಂಜರಿತದಲ್ಲಿ ವರಮಾನ ಕುಸಿದಾಗ, ಮುಂದಿನ ಮಿತಿಯನ್ನು ಆ ಕುಸಿದ ವರಮಾನದ ಮೇಲೆಯೇ ಲೆಕ್ಕಹಾಕಬೇಕಾದ್ದರಿಂದ ಮಿತಿಯೂ ಕೆಳಗಿಳಿಯಿತು. ಆರ್ಥಿಕತೆ ಚೇತರಿಸಿಕೊಂಡರೂ ಸೇವೆಗಳು ಹಳೆಯ ಮಟ್ಟಕ್ಕೆ ಮರಳುವಂತಿರಲಿಲ್ಲ. ಕೊನೆಗೆ 2005ರಲ್ಲಿ ಮತದಾರರೇ ಐದು ವರ್ಷಗಳ ಕಾಲ ಮಿತಿಯನ್ನು ಬದಿಗಿಟ್ಟರು. ಬೀಳುವಾಗ ಜೊತೆಗೆ ಬಿದ್ದು, ಏಳುವಾಗ ಏಳಲು ಬಿಡದ ಮಿತಿಯಿಂದ ತೆರಿಗೆದಾರನಿಗೂ ಲಾಭವಿಲ್ಲ.

ಹಳೆಕಡತ

ನಡುವೆ ಒಂದು ಮಾತು. ನೀತಿಯ ಚರ್ಚೆಯಲ್ಲಿ ಕಚೇರಿಯ ಕಿಟಕಿಯೆದುರು ನಿಂತ ತೆರಿಗೆದಾರ ಮರೆಯಾಗಿದ್ದಾನೆ. ಮರುಪಾವತಿ ಬಾರದವನು, ತಪ್ಪಾಗಿ ನೋಟಿಸ್ ಬಂದವನು ಯಾರಲ್ಲಿ ಹೇಳಿಕೊಳ್ಳಬೇಕು? ಅಮೆರಿಕದ ತೆರಿಗೆ ಇಲಾಖೆಯೊಳಗೆ ತೆರಿಗೆದಾರರ ಪರವಾದ ಅಧಿಕಾರಿಯ ಕಚೇರಿಯೊಂದು 1996ರ ಕಾಯ್ದೆಯಿಂದ ಇದೆ. ಅದರ ವಾರ್ಷಿಕ ವರದಿ ಇಲಾಖೆಯ ಮುಖ್ಯಸ್ಥರ ಪರಿಶೀಲನೆಗೆ ಒಳಪಡದೆ ನೇರವಾಗಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಹೋಗಬೇಕೆಂಬ ನಿಯಮ ನನಗೆ ಬಹಳ ಹಿಡಿಸಿತು. ಭಾರತದಲ್ಲಿ ಆದಾಯ ತೆರಿಗೆಯ ಒಂಬುಡ್ಸ್‌ಮನ್ (ತೆರಿಗೆದಾರರ ದೂರು ವಿಚಾರಿಸುವ ಅಧಿಕಾರಿ) ವ್ಯವಸ್ಥೆಯನ್ನು 2019ರಲ್ಲಿ ರದ್ದು ಮಾಡಿದರು. ಬರುವ ದೂರುಗಳು ಕಡಿಮೆಯಾಗಿವೆ, ಪರ್ಯಾಯ ವ್ಯವಸ್ಥೆಗಳಿವೆ ಎಂಬ ಕಾರಣ ಕೊಟ್ಟರು. 2020ರಲ್ಲಿ ತೆರಿಗೆದಾರರ ಸನ್ನದು ಪ್ರಕಟವಾಯಿತು. ಸನ್ನದಿನಲ್ಲಿ ಹಕ್ಕು ಬರೆದಿಡುವುದಕ್ಕೂ, ಆ ಹಕ್ಕಿನ ಪರವಾಗಿ ಇಲಾಖೆಯನ್ನು ಎದುರು ಹಾಕಿಕೊಳ್ಳಬಲ್ಲ ಅಧಿಕಾರಿ ಇರುವುದಕ್ಕೂ ಅಂತರವಿದೆ.

ಇನ್ನು ಮೊದಲ ಬೇಡಿಕೆಗೆ ಬರುತ್ತೇನೆ. ಪಾವತಿದಾರ ಅವರು ಮುಕ್ತಾಯದ ದಿನಾಂಕ ಕೇಳುತ್ತಾರೆ. ಅವರೇ ಉಲ್ಲೇಖಿಸಿದ ಬ್ರಿಟನ್ನಿನ ಆದಾಯ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಇಂದಿಗೂ ವಾರ್ಷಿಕ ತೆರಿಗೆಯೇ. ಪ್ರತಿ ವರ್ಷ ಏಪ್ರಿಲ್ 5ಕ್ಕೆ ಅದರ ಅವಧಿ ಮುಗಿಯುತ್ತದೆ, ಹಣಕಾಸು ಕಾಯ್ದೆಯ ಮೂಲಕ ಮತ್ತೆ ಹಾಕಬೇಕು. ಇಷ್ಟು ಕಟ್ಟುನಿಟ್ಟಾದ ದಿನಾಂಕವಿದ್ದೂ ಆದದ್ದೇನು? ನವೀಕರಣ ಒಂದು ವಿಧಿಯಾಗಿ ಉಳಿಯಿತು.

ಅರ್ಥಶಾಸ್ತ್ರದ ಮೇಷ್ಟ್ರು

ಇದಕ್ಕೆ ಪೂರಕವಾಗಿ ಇನ್ನೊಂದು. ಅಮೆರಿಕದಲ್ಲಿ 2001ರಲ್ಲಿ ತಂದ ತೆರಿಗೆ ಕಡಿತಗಳಿಗೆ 2010ರ ಕೊನೆಗೆ ಮುಗಿಯುವಂತೆ ದಿನಾಂಕ ಹಾಕಿದ್ದರು. ಹತ್ತು ವರ್ಷಗಳ ಅಂದಾಜಿನಲ್ಲಿ ವೆಚ್ಚ ಕಡಿಮೆ ಕಾಣಲಿ, ಆ ಅವಧಿಯ ಆಚೆಗೂ ಕೊರತೆ ಹೆಚ್ಚಿಸುವ ಮಸೂದೆಗೆ ಅಡ್ಡಬರುವ ಸೆನೆಟ್ (ಅಲ್ಲಿನ ಮೇಲ್ಮನೆ) ನಿಯಮದ ತೊಡಕು ತಪ್ಪಲಿ ಎಂಬುದು ಅದರ ಉದ್ದೇಶ. ದಿನ ಹತ್ತಿರ ಬಂದಾಗ ಮೊದಲು ಎರಡು ವರ್ಷ ಮುಂದೂಡಿದರು, 2013ರ ಜನವರಿಯಲ್ಲಿ ಬಹುಪಾಲನ್ನು ಶಾಶ್ವತಗೊಳಿಸಿದರು. ಅಂದರೆ ಮುಕ್ತಾಯದ ದಿನಾಂಕವನ್ನೇ ಲೆಕ್ಕ ಮರೆಮಾಚುವುದಕ್ಕೆ ಬಳಸಬಹುದು.

ಪಾವತಿದಾರ

ಎರಡೂ ಆಕ್ಷೇಪಗಳು ತೂಕವುಳ್ಳವು. ದಿನಾಂಕ ಮಾತ್ರ ಇದ್ದರೆ ನವೀಕರಣದ ಮಸೂದೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ಅಂಗೀಕಾರವಾಗಬಹುದು. ಆದ್ದರಿಂದ ದಿನಾಂಕಕ್ಕೆ ಒಂದು ಷರತ್ತನ್ನು ಕಟ್ಟಬೇಕೆಂಬುದು ನನ್ನ ಸಲಹೆ. ಆ ತೆರಿಗೆಯಿಂದ ಎಷ್ಟು ಬಂತು, ಹೇಳಿದ ನಿಧಿಗೆ ಎಷ್ಟು ಸೇರಿತು, ಎಷ್ಟು ಸಾಮಾನ್ಯ ಖಜಾನೆಯಲ್ಲೇ ಉಳಿಯಿತು ಎಂಬ ಲೆಕ್ಕಪರಿಶೋಧಕರ ವರದಿ ಮಂಡನೆಯಾಗದೆ ನವೀಕರಣದ ಮಸೂದೆಯನ್ನು ಮತಕ್ಕೆ ಹಾಕುವಂತಿಲ್ಲ ಎಂದು ಮೂಲ ಕಾಯ್ದೆಯಲ್ಲೇ ಬರೆದಿರಬೇಕು. ಇದು ಕಾಲ್ಪನಿಕ ಚಿಂತೆಯಲ್ಲ. 2018-19ರಲ್ಲಿ ವಿವಿಧ ಸೆಸ್‌ಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.64 ಲಕ್ಷ ಕೋಟಿ ಮಾತ್ರ ಮೀಸಲು ನಿಧಿಗಳಿಗೆ ವರ್ಗಾವಣೆಯಾಯಿತು ಎಂದು ಸರ್ಕಾರದ ಲೆಕ್ಕಗಳನ್ನು ಪರಿಶೋಧಿಸುವ ಭಾರತದ ಸಿಎಜಿಯ ವರದಿ ಹೇಳಿತ್ತು. ಅಂಥ ವರದಿ ಎರಡು ವರ್ಷಗಳ ನಂತರ ಬಂದು ಗ್ರಂಥಾಲಯ ಸೇರುವ ಬದಲು ಮತದಾನಕ್ಕೆ ಮೊದಲೇ ಸದಸ್ಯರ ಮೇಜಿನ ಮೇಲಿರಬೇಕು. ವಿನಾಯಿತಿಗಳಿಗೂ ಇದೇ ನಿಯಮ. ಜೊತೆಗೆ ಅವು ಶಾಶ್ವತವಾದರೆ ತಗುಲುವ ವೆಚ್ಚವನ್ನೂ ಮೊದಲ ದಿನವೇ ತೋರಿಸಬೇಕು. ಆಗ ಮೇಷ್ಟ್ರು ಹೇಳಿದ 2001ರ ಬಗೆಯ ತಂತ್ರಕ್ಕೆ ಎಡೆಯಿರುವುದಿಲ್ಲ.

ಹಳೆಕಡತ

ಇದನ್ನು ಒಪ್ಪಬಹುದು, ಒಂದು ಸೇರ್ಪಡೆಯೊಡನೆ. ವರದಿ ಬಾರದಿದ್ದರೆ ತೆರಿಗೆ ನಿಲ್ಲಬೇಕೋ, ಹಳೆಯ ದರದಲ್ಲೇ ಮುಂದುವರಿಯಬೇಕೋ ಎಂಬುದನ್ನೂ ಕಾಯ್ದೆ ಸ್ಪಷ್ಟವಾಗಿ ಹೇಳಬೇಕು. ಮುಂದುವರಿಯುತ್ತದೆ ಎಂದು ಬರೆದರೆ ವರದಿ ಎಂದಿಗೂ ಬರುವುದಿಲ್ಲ. ನಿಲ್ಲುತ್ತದೆ ಎಂದು ಬರೆದರೆ ಲೆಕ್ಕಪರಿಶೋಧನೆಗೆ ಕಡತ ಒದಗಿಸುವ ಕೆಲಸ ಯಾರೂ ಹೇಳದೆಯೇ ಚುರುಕಾಗುತ್ತದೆ.